ನೀರಿನ ಬೇರು: ‘ಉದಕ’ದ ಸಾಲು ಮುಗಿಯಿತು, ‘ಅಪ್’ ನಡೆಯುತ್ತಿದೆ

ಸಂಸ್ಕೃತ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ಎಲ್ಲವೂ ಕವಲೊಡೆದ ಇಂಡೋ-ಯುರೋಪಿಯನ್ ಮೂಲಭಾಷೆಯಲ್ಲಿ ನೀರಿಗೆ ಏನೆನ್ನುತ್ತಿದ್ದರು ಎಂಬ ನನ್ನ ಪಟ್ಟಿಯ ಮೊದಲ ಸಾಲು ಒಂದು ಹದಕ್ಕೆ ಬಂದಿದೆ. ನಮ್ಮ ‘ನೀರು’ ದ್ರಾವಿಡ ಮೂಲದ್ದು, ಅದಕ್ಕೆ ಇಲ್ಲಿ ಜಾಗವಿಲ್ಲ. ಉದಕ, ಸಮುದ್ರ, ದ್ವೀಪಗಳ ಕಡೆಯಿಂದಷ್ಟೇ ನಮಗೆ ಪ್ರವೇಶ.

ಇಂದಿನ ಟರ್ಕಿಯ ನೆಲದಲ್ಲಿದ್ದ ಪ್ರಾಚೀನ ಭಾಷೆ ಹಿಟ್ಟೈಟ್‌ನ ‘ವಾತರ್’, ಗ್ರೀಕಿನ ‘ಹ್ಯೂದೋರ್’, ರಷ್ಯನ್ನಿನ ‘ವದಾ’, ಇಂಗ್ಲಿಷಿನ ‘ವಾಟರ್’. ಕಿವಿಗೆ ಹತ್ತಿರವೆನಿಸುವುದು ದೊಡ್ಡ ಸಾಕ್ಷ್ಯವೇನಲ್ಲ. ಸಾಕ್ಷ್ಯವಿರುವುದು ವಿಭಕ್ತಿಯಲ್ಲಿ. ಹಿಟ್ಟೈಟ್‌ನಲ್ಲಿ ಷಷ್ಠಿಗೆ ‘ವಾತರ್’ ಹೋಗಿ ‘ವಿತೆನಸ್’ ಆಗುತ್ತದೆ. ರಕಾರದ ಜಾಗಕ್ಕೆ ನಕಾರ ಬಂದು ಕೂರುತ್ತದೆ. ಸಂಸ್ಕೃತದಲ್ಲೂ ಇದೇ ಕಥೆ: ‘ಸಮುದ್ರ’ದಲ್ಲಿ, ನೀರುನಾಯಿಯ ಹೆಸರಾದ ‘ಉದ್ರ’ದಲ್ಲಿ ರಕಾರ, ವೇದದ ‘ಉದ್ನಃ’ ರೂಪದಲ್ಲಿ ನಕಾರ. ‘ಯಕೃತ್’ ಷಷ್ಠಿಯಲ್ಲಿ ‘ಯಕ್ನಃ’ ಆಗುವುದೂ ಇದೇ ಜಾಯಮಾನ. ಇಂಥ ವಕ್ರತೆಯನ್ನು ಯಾವ ಭಾಷೆಯೂ ಪಕ್ಕದ ಮನೆಯಿಂದ ಕಡ ತರುವುದಿಲ್ಲ. ಹಾಗಾಗಿ ಪ್ರಥಮೆಗೆ *ವೋದೃ, ಉಳಿದ ಕೆಲವು ವಿಭಕ್ತಿಗಳಿಗೆ *ಉದೇನ್ ಎಂದು ಬರೆದುಕೊಂಡಿದ್ದೇನೆ. ನಕ್ಷತ್ರ ಚಿಹ್ನೆ ಇರುವುದು ಊಹಿತ ರೂಪವೆಂಬ ಗುರುತಿಗೆ.

ಈಗ ಕೈಯಲ್ಲಿರುವುದು ನೀರೆಂಬರ್ಥದ ಸಂಸ್ಕೃತ ಪದ ‘ಅಪ್’. ದ್ವಿ ಮತ್ತು ಅಪ್ ಸೇರಿದರೆ, ಯಣ್ ಸಂಧಿಯಂತೆ ‘ದ್ವ್ಯಪ’ ಆಗಬೇಕಿತ್ತು, ಆದದ್ದು ‘ದ್ವೀಪ’. ಪಾಣಿನಿಯ ಕಣ್ಣಿಗೂ ಇದು ಬಿದ್ದಿತ್ತು. ದ್ವಿ, ಅಂತರ್ ಮತ್ತು ಉಪಸರ್ಗಗಳ ಮುಂದೆ ‘ಅಪ್’ನ ಅಕಾರ ಈಕಾರವಾಗುತ್ತದೆ ಎಂದು ಒಂದು ಸೂತ್ರ, ಅನು ಮತ್ತು ಅಪ್ ಸೇರಿದ ‘ಅನೂಪ’ದ (ಜೌಗು ನೆಲ) ಊಕಾರಕ್ಕೆ ಮತ್ತೊಂದು ಸೂತ್ರ. ಎರಡರ ಹಿಂದಿನ ಕಾರಣ ಮಾತ್ರ ಒಂದೇ. ‘ಅಪ್’ನ ಮೊದಲಲ್ಲಿ ಗಂಟಲಿನಿಂದ ಹೊರಡುವ ಒಂದು ವ್ಯಂಜನವಿತ್ತು. ಸಮಾಸದಲ್ಲಿ ಧಾತುವಿನ ಸ್ವರ ಬಿದ್ದುಹೋಯಿತು. ಆ ವ್ಯಂಜನ ತಾನು ಲೋಪವಾಗುವಾಗ ಹಿಂದಿನ ಸ್ವರವನ್ನು ದೀರ್ಘಗೊಳಿಸಿತು. ದ್ವಿ ‘ದ್ವೀ’ ಆಯಿತು, ಅನು ‘ಅನೂ’ ಆಯಿತು. ಪಟ್ಟಿಯಲ್ಲಿ ನನಗೆ ಅತಿ ಪ್ರಿಯವಾದ ಜಾಗ ಇದು.

ಇಂಥ ಲುಪ್ತ ಧ್ವನಿಗಳಿರಬೇಕೆಂದು ಸ್ವಿಸ್ ಭಾಷಾವಿಜ್ಞಾನಿ ಫರ್ಡಿನಾಂಡ್ ಡಿ ಸೊಸ್ಯೂರ್ 1879ರಲ್ಲೇ ಬರಿಯ ತರ್ಕದಿಂದ ಹೇಳಿದ್ದರು. ಹಿಟ್ಟೈಟ್ ಮಣ್ಣಿನ ಫಲಕಗಳಲ್ಲಿ ಅವುಗಳ ಗುರುತಾದ ಹಕಾರವನ್ನು ಪೋಲೆಂಡಿನ ಭಾಷಾವಿಜ್ಞಾನಿ ಕುರಿಲೊವಿಚ್ 1927ರಲ್ಲಿ ತೋರಿಸಿದರು.

ಹಾಗಾದರೆ ‘ನದಿ’ ಎಂಬರ್ಥದ ಹಿಟ್ಟೈಟ್ ಪದ ‘ಹಾಪ’ವನ್ನು ಇಲ್ಲಿ ಸೇರಿಸಬಹುದಲ್ಲ? ಆಸೆಯೇನೋ ಇದೆ. ಆದರೆ ಅದರ ಪಕಾರವನ್ನು ಲಿಪಿಕಾರರು ಒಂಟಿಯಾಗಿ ಬರೆದಿದ್ದಾರೆ. ಹಳೆಯ ಪಕಾರವಾಗಿದ್ದರೆ ಸಾಮಾನ್ಯವಾಗಿ ದ್ವಿತ್ವ ಇರಬೇಕು. ಸದ್ಯಕ್ಕೆ ಅದು ಪೆನ್ಸಿಲ್‌ನಲ್ಲೇ ಇರಲಿ. ಮಧ್ಯ ಏಷ್ಯಾದ ಲುಪ್ತ ಭಾಷೆ ತೊಖಾರಿಯನ್‌ನ ‘ಆಪ್’ ಮಾತ್ರ ಶಾಯಿಯಲ್ಲಿ ಬರೆದಾಗಿದೆ.

ಮುಂದಿನದು ನೀರೆಂಬರ್ಥದ ಲ್ಯಾಟಿನ್ ಪದ ‘ಅಕ್ವ’. ‘ಅಪ್’ ಜೊತೆ ಅದನ್ನು ಗಂಟು ಹಾಕುವವರು ಬಹಳ. ಲ್ಯಾಟಿನ್ನಿನಲ್ಲಿ ಪಕಾರ ಸುಮ್ಮಸುಮ್ಮನೆ ಕ್ವಕಾರವಾಗುವುದಿಲ್ಲವಾದ್ದರಿಂದ, ಹಳೆಯ ಜರ್ಮಾನಿಕ್ ಭಾಷೆ ಗಾಥಿಕ್‌ನ ‘ಅಹ್ವ’ದೊಂದಿಗೆ ಅದಕ್ಕೆ ಬೇರೆಯೇ ಸಾಲು ತೆರೆಯುತ್ತೇನೆ.