ನಂಬರ್ ಮಾತ್ರ ಇರುವ ಕಲ್ಲುಗಳು

ಅಪ್ಪ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವರು. ಅಮೆರಿಕಕ್ಕೆ ಬಂದಾಗ ಎಲ್ಲಿಗೆ ಹೋಗೋಣ ಅಂತ ಕೇಳಿದರೆ, ‘ವಿಕ್ಸ್‌ಬರ್ಗ್ ತೋರಿಸು ಮಗಾ’ ಅಂದರು. ಅಮೆರಿಕದ ಅಂತರ್ಯುದ್ಧದಲ್ಲಿ ಮುತ್ತಿಗೆಗೆ ಸಿಕ್ಕಿದ ಊರು ಅದು. ಡಲ್ಲಾಸ್‌ನಿಂದ ಆರು ಗಂಟೆ ದಾರಿ. ಮಿಸಿಸಿಪ್ಪಿ ನದಿ ದಾಟಿದ ಕೂಡಲೇ ಊರು. ಆದರೆ ಅಪ್ಪ ಅಲ್ಲಿ ನಿಲ್ಲಲು ಬಿಡಲಿಲ್ಲ. ಸುಮಾರು ಇಪ್ಪತ್ತು ಮೈಲಿ ಮುಂದಿರುವ ಚಾಂಪಿಯನ್ ಹಿಲ್ ಮೊದಲು ನೋಡಬೇಕಂತೆ.

ಹೋದೆವು. ಹಿಲ್ ಅಂದರೂ ನಮ್ಮ ಕಡೆ ದಿಣ್ಣೆ ಅಂತಾರಲ್ಲ, ಅಷ್ಟೇ. ಸುತ್ತ ಮರಗಳು, ಸದ್ದೇ ಇಲ್ಲ. 1863ರ ಮೇ 16ರಂದು ಉತ್ತರದ ರಾಜ್ಯಗಳ ಸೇನಾಪತಿ ಗ್ರಾಂಟ್‌ನ ಸುಮಾರು 32,000 ಸೈನಿಕರಿಗೂ ದಕ್ಷಿಣದ ರಾಜ್ಯಗಳ ಸೇನಾಪತಿ ಪೆಂಬರ್ಟನ್‌ನ ಸುಮಾರು 22,000 ಸೈನಿಕರಿಗೂ ಇಲ್ಲೇ ಕಾಳಗವಾಯಿತು. ಗುಡ್ಡವನ್ನು ಉತ್ತರದವರು ಹಿಡಿದರು, ದಕ್ಷಿಣದವರು ಕಿತ್ತುಕೊಂಡರು, ಸಂಜೆಯೊಳಗೆ ಮತ್ತೆ ಉತ್ತರದವರ ಪಾಲಾಯಿತು. ಅಪ್ಪ ಮರಕ್ಕೆ ಒರಗಿ ನಿಂತು ಹೇಳಿದರು: ‘ಮಿಸೌರಿಯ ಹುಡುಗರು ಎರಡೂ ಕಡೆ ಇದ್ದರು ಕಣೋ. ಒಂದೇ ರಾಜ್ಯದವರು.’ ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ.

ಇಲ್ಲಿ ಸೋತ ಪೆಂಬರ್ಟನ್ ವಿಕ್ಸ್‌ಬರ್ಗ್ ಒಳಗೆ ಹೋಗಿ ಸಿಕ್ಕಿಕೊಂಡ. 47 ದಿನ ಮುತ್ತಿಗೆ. ಊರಿನವರು ಗುಂಡಿಗೆ ಹೆದರಿ ಮಣ್ಣಿನ ದಿಬ್ಬ ಕೊರೆದು ಗವಿಗಳಲ್ಲಿ ಬದುಕಿದರು. ಜುಲೈ 4ಕ್ಕೆ ಶರಣಾಗತಿ. ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ದಕ್ಷಿಣ, ನದಿ ಕೈತಪ್ಪಿ ಎರಡು ಹೋಳಾಯಿತು. ಈ ಯುದ್ಧ ಅಂದರೆ ಜನ ಇನ್ನೊಂದು ರಣರಂಗವಾದ ಗೆಟ್ಟಿಸ್‌ಬರ್ಗ್ ಹೆಸರೇ ಜಾಸ್ತಿ ಹೇಳುತ್ತಾರೆ. ಆ ದಿಣ್ಣೆಯ ಮೇಲೆ ನಿಂತು ಬಂದ ಮೇಲೆ ನನಗೆ ಹಾಗೆ ಹೇಳಲು ಮನಸ್ಸಿಲ್ಲ.

ಮಧ್ಯಾಹ್ನ ವಿಕ್ಸ್‌ಬರ್ಗ್‌ನ ಸೈನಿಕ ಸ್ಮಶಾನಕ್ಕೆ ಬಂದೆವು. ಉತ್ತರದ ಕಡೆಯ ಸುಮಾರು 17,000 ಸೈನಿಕರನ್ನು ಇಲ್ಲಿ ಮಣ್ಣು ಮಾಡಿದ್ದಾರೆ. ಅವರಲ್ಲಿ ಸುಮಾರು 13,000 ಜನ ಯಾರು ಅಂತಲೇ ಗೊತ್ತಿಲ್ಲ. ಸತ್ತ ಜಾಗದಲ್ಲೇ ಅವಸರಕ್ಕೆ ಹೂತವರು ಅವರು. ವರ್ಷಗಳಾದ ಮೇಲೆ ಅಗೆದು ತಂದಾಗ ಗುರುತು ಉಳಿದಿರಲಿಲ್ಲ. ಹೆಸರು ಗೊತ್ತಿದ್ದವರಿಗೆ ಎತ್ತರದ ಕಲ್ಲು. ಉಳಿದವರಿಗೆ ಗೇಣುದ್ದದ ಚೌಕ ಕಲ್ಲು, ಅದರ ಮೇಲೆ ಬರೀ ನಂಬರ್.

ಅಪ್ಪ ಮಂಡಿನೋವಿದ್ದರೂ ಕುಕ್ಕರಗಾಲಲ್ಲಿ ಕೂತು, ಒಂದು ಕಲ್ಲಿನ ಮೇಲಿದ್ದ ಒಣಹುಲ್ಲನ್ನು ಬೆರಳಿನಿಂದ ತೆಗೆದರು. ನಂಬರನ್ನು ಜೋರಾಗಿ ಓದಿದರು. ಪಕ್ಕದ್ದನ್ನೂ ಓದಿದರು. ಕ್ಲಾಸಿನಲ್ಲಿ ಹಾಜರಿ ಕರೆಯುತ್ತಿದ್ದ ಅದೇ ದನಿ. ಐದಕ್ಕೆ ಗೇಟ್ ಮುಚ್ಚುತ್ತಾರೆ ಅಂದೆ. ‘ಈ ಸಾಲು ಮುಗೀಲಿ ತಡಿ’ ಅಂದರು.