ಟಿಕ್ ಟಿಕ್ ಡಿಸ್ಕು

ಭಾನುವಾರ, 10 ನವೆಂಬರ್ 2024, ರಾತ್ರಿ 10.40

ಮೈಸೂರಿಂದ ಮಾವನ ಫೋನು. "ಡಿಸ್ಕು ಹೋಯ್ತು ಕಣೋ, ಮದುವೆ ಫೋಟೋ ಎಲ್ಲಾ ಅದರಲ್ಲೇ ಇದೆ." ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್ಲಿನಲ್ಲಿ ಸಿಕ್ಕಿಸುವ ಹಾರ್ಡ್ ಡಿಸ್ಕು ಅದು. ಫೋನನ್ನು ಅದರ ಪಕ್ಕ ಹಿಡಿಯಿರಿ ಅಂದೆ. ಸುಂಯ್ ಅಂತ ತಿರುಗೋಕೆ ಶುರು, ಟಿಕ್, ಮೌನ. ಮತ್ತೆ ಸುಂಯ್, ಟಿಕ್.

"ಕಂಪ್ಯೂಟರಿನ ಮುಂಭಾಗದ ಪೋರ್ಟಿಗೆ ಹಾಕಿದ್ದೀರಾ ಮಾವ?"

"ಹೂಂ ಮತ್ತೆ, ಹಿಂದಕ್ಕೆ ಬಗ್ಗೋರು ಯಾರು?"

ಈ ಸದ್ದು ಎಷ್ಟೋ ಸಲ ಸಾವಿನದಲ್ಲ, ಹಸಿವಿನದು. ಡಿಸ್ಕಿನೊಳಗೆ ಮಾಹಿತಿ ತುಂಬಿರುವ ತಟ್ಟೆ ತಿರುಗಲು ಶುರುವಾಗುವ ಆ ಕೆಲವು ಸೆಕೆಂಡು ಎರಡೂವರೆ ಇಂಚಿನ ಡಿಸ್ಕಿಗೆ ಹತ್ತಿರಹತ್ತಿರ 1 ಆಂಪ್ ಬೇಕಾಗಬಹುದು. ಯುಎಸ್‌ಬಿ 2.0 ಪೋರ್ಟಿನ ಲೆಕ್ಕ 500 ಮಿಲಿಆಂಪ್, 3.0ದ್ದು 900. ಮುಂದಿನ ಪೋರ್ಟಿಗೆ ಕ್ಯಾಬಿನೆಟ್ ಒಳಗಿನ ಸಣ್ಣ ವೈರಿನಲ್ಲಿ ಕರೆಂಟು ಬರಬೇಕು, ಹೊರಟ 5 ವೋಲ್ಟ್ ದಾರಿಯಲ್ಲೇ ಸ್ವಲ್ಪ ತಗ್ಗುತ್ತದೆ, ಮೋಟಾರು ಅರ್ಧಕ್ಕೇ ಕೈಚೆಲ್ಲುತ್ತದೆ. ಹಿಂದಿನ ಪೋರ್ಟು ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಉದ್ದದ ಕೇಬಲ್ಲೂ ಬೇಡ, ಸ್ವಂತ ಅಡಾಪ್ಟರ್ ಇಲ್ಲದ ಹಬ್ (ಒಂದು ಪೋರ್ಟನ್ನು ಹಲವು ಮಾಡುವ ಡಬ್ಬಿ) ಅಂತೂ ಬೇಡವೇ ಬೇಡ. ಹಳೇ 2.0 ಹಬ್ ಆದರೆ ಒಂದು ಕಿಂಡಿಗೆ ಸಿಗೋದು 100 ಮಿಲಿಆಂಪ್.

ಹಿಂದೆ, ಗಿಡ್ಡ ಕೇಬಲ್ಲಿನಲ್ಲಿ ಹಾಕಿದರೂ ಟಿಕ್ ಅಂದರೆ ಆಗ ತಟ್ಟೆಯನ್ನು ಓದುವ ಹೆಡ್ ಹೋಗಿದೆ ಅಂತಲೇ ಅನುಮಾನಿಸಬೇಕು. ತಕ್ಷಣ ಕಿತ್ತಿಡುವುದು. "ಇನ್ನೊಂದು ಸಲ ನೋಡೋಣ" ಅಂದಷ್ಟೂ ತಟ್ಟೆಗೆ ಗೀರು. ರಿಕವರಿ ಸಾಫ್ಟ್‌ವೇರ್ ಓಡಿಸುವುದು ಇನ್ನೂ ಕೆಟ್ಟದ್ದು.

ಮಾವ ಗೊಣಗುತ್ತಾ ಹಿಂದಕ್ಕೆ ಹಾಕಿದರು. ಸುಂಯ್, ಈ ಸಲ ನಿಲ್ಲಲಿಲ್ಲ. ವಿಂಡೋಸ್ ಟಿಂಗ್ ಅಂದಿತು, ಆದರೆ ದಿಸ್ ಪಿಸಿಯಲ್ಲಿ ಡ್ರೈವ್ ಇಲ್ಲ. ಸ್ಟಾರ್ಟ್ ಬಟನ್ ಮೇಲೆ ಬಲಗಡೆ ಕ್ಲಿಕ್, ಡಿಸ್ಕ್ ಮ್ಯಾನೇಜ್‌ಮೆಂಟ್. ಅಲ್ಲಿ ನೀಲಿ ಪಟ್ಟಿಯಿದೆ, ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲು ಜೋಡಿಸಿಡುವ ಪದ್ಧತಿ) ಅಂತಲೂ ಇದೆ, ಡಿ, ಇ ಥರದ ಡ್ರೈವ್ ಅಕ್ಷರ ಮಾತ್ರ ಇಲ್ಲ. ಪಟ್ಟಿಯ ಮೇಲೆ ಬಲಗಡೆ ಕ್ಲಿಕ್, ಚೇಂಜ್ ಡ್ರೈವ್ ಲೆಟರ್, ಆ್ಯಡ್. ಬಂತು. ಎನ್‌ಟಿಎಫ್‌ಎಸ್ ಬದಲು ರಾ (RAW, ಅಂದರೆ ಜೋಡಣೆ ಅರ್ಥವಾಗುತ್ತಿಲ್ಲ) ಅಂತ ತೋರಿಸಿದ್ದರೆ, ಅಥವಾ ಫಾರ್ಮ್ಯಾಟ್ ಮಾಡಲೇ, ಇನಿಷಿಯಲೈಸ್ ಮಾಡಲೇ ಅಂತ ಕೇಳಿದ್ದರೆ ಕ್ಯಾನ್ಸಲ್ ಒತ್ತಿ ಸುಮ್ಮನಾಗಬೇಕು. ಜನ ಫೋಟೋ ಕಳಕೊಳ್ಳೋದು ಡಿಸ್ಕು ಕೆಟ್ಟು ಮಾತ್ರ ಅಲ್ಲ, ಆ ಓಕೆ ಒತ್ತಿಯೂ ಹೌದು.

ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ಕೋಡ್ 43 ಅನ್ನೋ ದೋಷ ಬಂದಿದ್ದರೆ ದಾರಿ ಬೇರೆ. ಯುಎಸ್‌ಬಿಯಲ್ಲಿ ಅದರರ್ಥ ಹೆಚ್ಚಾಗಿ, 'ನೀನ್ಯಾರು' ಅಂತ ಕಂಪ್ಯೂಟರ್ ಕೇಳಿದ್ದಕ್ಕೆ ಸಾಧನದಿಂದ ಸರಿಯಾದ ಉತ್ತರ ಬಂದಿಲ್ಲ. ಮೊದಲು ಕೇಬಲ್ ಬದಲಿಸಿ ನೋಡಬೇಕು. ಆಗದಿದ್ದರೆ ಶಿಫ್ಟ್ ಹಿಡಿದು ಶಟ್‌ಡೌನ್ (ಬರೀ ಶಟ್‌ಡೌನ್ ಅಂದರೆ ಫಾಸ್ಟ್ ಸ್ಟಾರ್ಟಪ್ ಅರ್ಧ ನೆನಪನ್ನು ಉಳಿಸಿಕೊಂಡಿರುತ್ತದೆ), ಪ್ಲಗ್ ಕಿತ್ತು, ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿಯುವುದು. ಡ್ರೈವರ್ ಹುಡುಕುತ್ತಾ ಕಂಡ ಕಂಡ ಸೈಟಿಗೆ ಹೋಗೋದು ದಂಡ.

ಹತ್ತೂವರೆಗೆ ಮತ್ತೆ ಫೋನು. "ಡಿಸ್ಕು ಸರಿ ಕಣೋ, ಈಗ ಮೌಸ್ ಎಗರಾಡ್ತಿದೆ!"

ನಗು ಬಂತು. ವೈರಿಲ್ಲದ ಮೌಸಿನ ಡಾಂಗಲ್ (ಸಿಗ್ನಲ್ ಹಿಡಿಯುವ ಪುಟ್ಟ ತುಂಡು) ಹಿಂದೆ, ಡಿಸ್ಕು ಸಿಕ್ಕಿಸಿದ ನೀಲಿ 3.0 ಪೋರ್ಟಿನ ಪಕ್ಕದಲ್ಲೇ ಇದೆಯಂತೆ. ಯುಎಸ್‌ಬಿ 3.0 ಓಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಗದ್ದಲ ಎಬ್ಬಿಸುತ್ತದೆ, ಮೌಸ್ ಮಾತಾಡೋದೂ ಅಲ್ಲೇ. ಡಾಂಗಲನ್ನು ಮುಂದಿನ ಪೋರ್ಟಿಗೆ ಹಾಕಿ ಅಂದೆ.

"ಈಗಷ್ಟೇ ಮುಂದಿಂದ ಹಿಂದಕ್ಕೆ ಹಾಕಿಸ್ದೆಯಲ್ಲೋ..."