ಮಳೆಗೆ ಎದುರಾಗಿ ಒಂದು ನಡಿಗೆ

ಶಿವಮೊಗ್ಗದಿಂದ ಕೊಡಚಾದ್ರಿಗೆ ನಡೆದೇ ಹೋಗೋಣ ಅಂತ ನಾನೂ ಗೆಳೆಯನೂ ಹೊರಟಿದ್ದೇವೆ. ಒಂದೇ ಸಲಕ್ಕಲ್ಲ. ರಜೆ ಸಿಕ್ಕಾಗ ಒಂದಷ್ಟು ನಡೆಯುವುದು, ಬಸ್ಸು ಹತ್ತಿ ಮನೆಗೆ ಬರುವುದು, ಮುಂದಿನ ಸಲ ಬಿಟ್ಟಲ್ಲಿಂದಲೇ ಶುರು. ಹಾಗಾಗಿ ದಾರಿಯ ಒಂದೊಂದು ತುಂಡಿಗೂ ಒಂದೊಂದು ಕಾಲ ಸಿಕ್ಕಿದೆ. ಅನುಮತಿ ಇಲ್ಲದೆ ಕಾಡಿನೊಳಗೆ ಹೋಗುವಂತಿಲ್ಲ. ಜಾಸ್ತಿ ನಡೆದದ್ದು ರಸ್ತೆಯಲ್ಲೇ.

ಮೊದಲ ತುಂಡು ಮಾಗಿಯ ಚಳಿಯಲ್ಲಿ. ಗಾಜನೂರು ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ ದಾಟಿದರೆ ಶೆಟ್ಟಿಹಳ್ಳಿ ಅಭಯಾರಣ್ಯದ ಮರಗಳು. ತೇಗ, ಮತ್ತಿ, ನಂದಿ, ಹೊನ್ನೆ. ಒಣಗಿದ ತೇಗದೆಲೆ ಕಾಲಡಿ ಹಪ್ಪಳದ ಹಾಗೆ ಮುರಿಯುತ್ತಿತ್ತು. ಮಂಡಗದ್ದೆಯ ನಡುಗಡ್ಡೆ ಖಾಲಿ. ಬೆಳ್ಳಕ್ಕಿ, ನೀರುಕಾಗೆ ಅಲ್ಲಿ ಗೂಡು ಕಟ್ಟುವುದು ಮಳೆಗಾಲದಲ್ಲಿ. ತೀರ್ಥಹಳ್ಳಿ ಹತ್ತಿರವಾದಂತೆ ಅಡಿಕೆ ಬೇಯಿಸುವ ಚೊಗರಿನ ವಾಸನೆ. ಊರಲ್ಲಿ ಎಳ್ಳಮಾವಾಸ್ಯೆ ಜಾತ್ರೆ, ರೂಮಿಗೆ ಅಲೆದಿದ್ದೇ ಅಲೆದಿದ್ದು.

ಏಪ್ರಿಲ್‌ನಲ್ಲಿ ತೀರ್ಥಹಳ್ಳಿಯಿಂದ ಆಗುಂಬೆಗೆ. ಬಸ್ಸಿನಲ್ಲಿ ಎಷ್ಟೋ ಸಲ ಓಡಾಡಿದ ದಾರಿ, ಆದರೆ ಕಾಡು ಬದಲಾಗುವುದು ಗೊತ್ತಾಗಿದ್ದು ನಡೆದಾಗಲೇ. ಆ ಹೊತ್ತಿಗೆ ಶಿವಮೊಗ್ಗದ ಕಡೆ ಮರಗಳು ಬೋಳು. ಮೇಗರವಳ್ಳಿ ದಾಟಿದ ಮೇಲೆ ನಡುಮಧ್ಯಾಹ್ನವೂ ನೆರಳು. ಧೂಪ, ರಂಜ, ಅಲ್ಲಲ್ಲಿ ಕೆಂಪು ಚಿಗುರು. ಶಿವಮೊಗ್ಗ ಪೇಟೆಯಲ್ಲಿ ವರ್ಷಕ್ಕೆ ಹೆಚ್ಚುಕಮ್ಮಿ 1,000 ಮಿ.ಮೀ. ಮಳೆ. ಸುಮಾರು 90 ಕಿ.ಮೀ. ಆಚೆ ಆಗುಂಬೆಯಲ್ಲಿ 7,000 ದಾಟುತ್ತದೆ. ಕಡಲಿಂದ ಬಂದ ಗಾಳಿ ಘಟ್ಟಕ್ಕೆ ಹಾಯ್ದು, ಮೇಲೇರಿ, ತಣಿದು ಅಲ್ಲೇ ಸುರಿದುಬಿಡುತ್ತದೆ. ಪೂರ್ವದವರಿಗೆ ಅಳಿದುಳಿದದ್ದು. ನೀರು ಉಳಿಸಿಕೊಳ್ಳಲು ಅಲ್ಲಿನ ಮರ ಎಲೆ ಉದುರಿಸುತ್ತದೆ, ಇಲ್ಲಿನದಕ್ಕೆ ಆ ಚಿಂತೆ ಇಲ್ಲ.

ಮಳೆಗಾಲದ ತುಂಡೇ ನನಗೆ ಇಷ್ಟವಾದದ್ದು. ಗೆಳೆಯ ಒಪ್ಪುವುದಿಲ್ಲ ಬಿಡಿ. ಆಗುಂಬೆಯಿಂದ ಉತ್ತರಕ್ಕೆ ತಿರುಗಿ ಕವಲೇದುರ್ಗದ ಕಡೆಯಿಂದ ಯಡೂರು, ಮಾಸ್ತಿಕಟ್ಟೆ. ಕೆಳದಿ ಅರಸರ ಕೋಟೆಯನ್ನು ಮಂಜು ಪೂರ್ತಿ ನುಂಗಿತ್ತು. ಈಚೆಗೆ ಮಳೆ ಲೆಕ್ಕದಲ್ಲಿ ಆಗುಂಬೆಯನ್ನೇ ಹಿಂದೆ ಹಾಕುತ್ತಿರುವ ಹುಲಿಕಲ್ ಇರುವುದು ಇಲ್ಲೇ. ಛತ್ರಿ ಸುಮ್ನೆ ಶೋಕಿಗೆ. ಮರದಡಿ ನಿಂತು ನೋಡಿದರೆ ಎಷ್ಟೋ ಎಲೆಗಳ ತುದಿ ಬಾಲದಂತೆ ಉದ್ದ. ನೀರು ಎಲೆಯ ಮೇಲೆ ನಿಲ್ಲದೆ ಆ ತುದಿಯಿಂದ ಜಾರಿ ಹೋಗುತ್ತದೆ.

ಹಾಗೆ ನಿಂತರೆ ಉಂಬಳ, ಅಂದರೆ ಕಾಡಿನ ಜಿಗಣೆ, ಬಿಡುತ್ತವೆಯೇ? ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಕಿತ್ತ ಮೇಲೆ ರಕ್ತ ನಿಲ್ಲುವುದಿಲ್ಲ. ದಾರಿ ಬದಿಯ ಮನೆಯೊಂದರ ಜಗಲಿಯಲ್ಲಿ ಕಾಲು ನೋಡಿಕೊಳ್ಳುತ್ತಿದ್ದಾಗ ಆ ಮನೆಯ ಅಮ್ಮ ಹೊರಬಂದರು. “ಈ ಮಳೇಲಿ ನಡ್ಕೊಂಡು ಹೊರಟಿದೀರಲ್ಲ, ಬಸ್ಸು ತಪ್ಪಿತಾ ಮಾರಾಯ್ರೆ?” ಬೇಕಂತಲೇ ನಡೀತಿದೀವಿ ಅಂದರೆ ನಂಬಲಿಲ್ಲ. ಬಿಸಿ ಕಷಾಯ ಕೊಟ್ಟರು. ಹೊಗೆಸೊಪ್ಪು, ಸುಣ್ಣ ಸೇರಿಸಿ ಬಟ್ಟೆಯಲ್ಲಿ ಕಟ್ಟಿ ಕೋಲಿನ ತುದಿಗೆ ಬಿಗಿದು ಕೈಗಿತ್ತರು. ಒದ್ದೆ ಮಾಡಿ ಮುಟ್ಟಿಸಿದರೆ ಉಂಬಳ ತಾನಾಗಿ ಕಳಚಿ ಬೀಳುತ್ತದೆ. ನಮ್ಮ ದುಬಾರಿ ಸ್ಪ್ರೇ ಬ್ಯಾಗಿನಲ್ಲೇ ಉಳಿಯಿತು.

ಸದ್ಯ ನಗರ ಎಂಬ ಊರಿನವರೆಗೆ ಬಂದಿದ್ದೇವೆ, ಹಳೆಯ ಬಿದನೂರು. ಉಳಿದದ್ದು ಸಂಪೆಕಟ್ಟೆ, ಕಟ್ಟಿನಹೊಳೆ, ಆಮೇಲೆ ಏರು. ಕೊಡಚಾದ್ರಿ 1,343 ಮೀಟರ್. ಮೇಲೆ ಗುಡ್ಡದ ನೆತ್ತಿಯಲ್ಲಿ ಹುಲ್ಲು, ಕಣಿವೆಯ ಮಡಿಲಲ್ಲಿ ಮಾತ್ರ ಕಾಡು. ಅದನ್ನು ಹಸಿರಿರುವಾಗಲೇ ನೋಡಬೇಕು, ಹಾಗಾಗಿ ದೀಪಾವಳಿ ರಜೆಗೆ ಇಟ್ಟುಕೊಂಡಿದ್ದೇವೆ. ಕೊನೆಯ ಏರಿಗೆ ಜೀಪು ಹತ್ತೋಣ ಅಂತ ಗೆಳೆಯ ಈಗಿಂದಲೇ ರಾಗ ಎಳೆಯುತ್ತಿದ್ದಾನೆ.